ಕುಂಡದ ಬಾಟಲ್ ಬ್ರಷ್: ಕೊನೆಗೂ ಮೊಗ್ಗು ಬಂತು

ಸೆಪ್ಟೆಂಬರ್ 28, 2024. ಸಿಡ್ನಿ

ಬೆಳಿಗ್ಗೆ ನೀರು ಹಾಕುವಾಗ ಕಂಡೆ. ಎಡಗಡೆಯ ಕೊಂಬೆಯ ತುದಿಯಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ತೆನೆ, ಹಸಿರು ಮಣಿಗಳನ್ನು ಒತ್ತೊತ್ತಾಗಿ ಪೋಣಿಸಿದ ಹಾಗೆ. ಎಣಿಸಿದೆ, ಇಡೀ ಗಿಡದಲ್ಲಿ ಏಳು. 2020ರಲ್ಲಿ ತಂದಾಗಿನಿಂದ ಇದು ಒಂದು ಹೂವನ್ನೂ ಬಿಟ್ಟಿರಲಿಲ್ಲ.

ತಪ್ಪು ನನ್ನದೇ. ಮರವನ್ನು ಕುಂಡದಲ್ಲಿ ಗಿಡ್ಡವಾಗಿಯೇ ಬೆಳೆಸುವ ಬೋನ್ಸಾಯ್ ನಾನು ಕಲಿತದ್ದು ಜಪಾನಿನ ಮರಗಳ ಲೆಕ್ಕದಲ್ಲಿ. ಚಿಗುರು ಬಂದ ಹಾಗೆ ಚಿವುಟುತ್ತಿದ್ದರೆ ಕವಲು ಹೆಚ್ಚುತ್ತದೆ, ಎಲೆ ಸಣ್ಣದಾಗುತ್ತದೆ. ಕವಲೇನೋ ಸೊಗಸಾಗಿಯೇ ಬಂತು. ಆದರೆ ಬಾಟಲ್ ಬ್ರಷ್ ಹೂ ಕಟ್ಟುವುದು ಬಲಿತ ಚಿಗುರಿನ ತುದಿಯಲ್ಲಿ. ಚಿವುಟಿದ ಪ್ರತಿ ತುದಿಯ ಜೊತೆ ಮುಂದಿನ ವಸಂತದ ಹೂವೂ ಹೋಗುತ್ತಿತ್ತು. ಹಾಗಾಗಿ ಕಳೆದ ನವೆಂಬರಿನಲ್ಲಿ ಒಮ್ಮೆ ಚೆನ್ನಾಗಿ ಸವರಿ, ಜನವರಿವರೆಗೆ ಚಿವುಟಿ, ಆಮೇಲೆ ಕೈಬಿಟ್ಟೆ. ಜುಲೈ ಹೊತ್ತಿಗೆ ಗಿಡ ಕೆದರಿದ ತಲೆಯಂತಾಗಿತ್ತು. ಎರಡು ಸಲ ಕತ್ತರಿ ತೆಗೆದುಕೊಂಡು ಬಂದು ಹಾಗೇ ವಾಪಸ್ ಇಟ್ಟೆ.

ಬೇರು ಕತ್ತರಿಸಿ ಕುಂಡ ಬದಲಿಸಿದ್ದು 2022ರ ಡಿಸೆಂಬರಿನಲ್ಲಿ, ಇಲ್ಲಿನ ಬೇಸಿಗೆಯ ಒಳ್ಳೆಯ ಬಿಸಿಲಿನಲ್ಲಿ. ಮೇಪಲ್‌ಗೆ ಹೀಗೆ ಮಾಡಿದರೆ ಉಳಿಯುವುದು ಕಷ್ಟ. ಇದು ಹೊಳೆ, ಜೌಗಿನ ಪಕ್ಕ ಬೆಳೆಯುವ ಗಿಡ. ತಟ್ಟೆಯಲ್ಲಿ ಒಂದಿಂಚು ನೀರು ನಿಲ್ಲಿಸಿ ಕುಂಡವನ್ನು ಅದರೊಳಗಿಟ್ಟೆ. ಮೂರೇ ವಾರಕ್ಕೆ ಹಳೆಯ ತೊಗಟೆಯಿಂದಲೂ ಚಿಗುರೊಡೆಯಿತು.

ಅಕ್ಟೋಬರ್ 13

ನನ್ನ ಇನ್ನೊಂದು ಕುಂಡದ ಗಿಡ, ಆಸ್ಟ್ರೇಲಿಯಾದ್ದೇ ಆದ ಬ್ಯಾಂಕ್ಸಿಯಾದ ಕತೆಯನ್ನೂ ಬರೆದಿಡುತ್ತೇನೆ. ಸಣ್ಣ ಸೂಜಿಯಂಥ ಎಲೆಯ ಎರಿಸಿಫೋಲಿಯಾ ಎಂಬ ಜಾತಿ. ಮೊದಲನೆಯದನ್ನು 2021ರಲ್ಲಿ ಕಳೆದುಕೊಂಡೆ. ಉಳಿದ ಗಿಡಗಳಿಗೆ ಹಾಕುತ್ತಿದ್ದ ಗೊಬ್ಬರವನ್ನೇ ಅದಕ್ಕೂ ಹಾಕಿದ್ದೆ. ಎಲೆ ಹಳದಿಯಾಗಿ, ಅಂಚು ಸುಟ್ಟು, ಒಂದೂವರೆ ತಿಂಗಳಲ್ಲಿ ಒಣಗಿತು. ಇಲ್ಲಿನ ಮಣ್ಣಿನಲ್ಲಿ ರಂಜಕ ತೀರಾ ಕಡಿಮೆ. ಅದನ್ನು ಹೀರಿ ತೆಗೆಯಲೆಂದೇ ಬ್ಯಾಂಕ್ಸಿಯಾದ ಬೇರು ಬ್ರಷ್ಷಿನಂಥ ಗೊಂಚಲು ಕಟ್ಟುತ್ತದೆ. ಧಾರಾಳವಾಗಿ ಸಿಕ್ಕಾಗ ಬೇಡ ಎನ್ನಲು ಅದಕ್ಕೆ ಬಾರದು. ಈಗಿರುವ ಸಸಿಗೆ ರಂಜಕ ಕಡಿಮೆಯಿರುವ ಗೊಬ್ಬರ, ಅದೂ ಅರ್ಧ ಪ್ರಮಾಣ. ಹೂ ಬರುವುದು ಎರಡು-ಮೂರು ವರ್ಷದ ಕೊಂಬೆಯ ಮೇಲೆ, ಆದ್ದರಿಂದ ಇನ್ನೂ ಕಾಯಬೇಕು.

ಸಕಲೇಶಪುರದ ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಕೂಡ ಇದೇ ಕುಟುಂಬದ್ದು, ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಕಡೆಯದು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಹಂಗಾದ್ರೆ ಅದು ನಿನಗಿಂತ ಮೊದಲೇ ಊರು ಬಿಟ್ಟು ಬಂದದ್ದು ಅನ್ನು" ಅಂದರು.

ನವೆಂಬರ್ 2

ನಾಲ್ಕು ತೆನೆ ಅರಳಿವೆ. ದೂರದಿಂದ ಎಸಳಿನಂತೆ ಕಾಣುವ ಕೆಂಪೆಲ್ಲ ಕೇಸರಗಳು. ಹತ್ತಿರ ಹೋದರೆ ಒಂದೊಂದು ಎಳೆಯ ತುದಿಯಲ್ಲೂ ಒಂದು ಕಪ್ಪು ಚುಕ್ಕೆ. ಬೋನ್ಸಾಯ್‌ನಲ್ಲಿ ಎಲೆ ಕುಗ್ಗುತ್ತದೆ, ಹೂ ಕುಗ್ಗುವುದಿಲ್ಲ. 38 ಸೆಂ.ಮೀ. ಎತ್ತರದ ಗಿಡದಲ್ಲಿ ಬೀದಿಯ ಮರದಷ್ಟೇ ದೊಡ್ಡ ಹೂ. ನನಗೆ ಈ ಅಳತೆ ತಪ್ಪಿದ ಚೆಲುವು ಇಷ್ಟ.

ನಿನ್ನೆ ಒಂದು ಲೋರಿಕೀಟ್ ಗಿಳಿ ಬಂದು ಮಕರಂದಕ್ಕಾಗಿ ಬಲಗಡೆಯ ಕೊಂಬೆಗೆ ಜೋತುಬಿದ್ದು, ತೆನೆಸಮೇತ ಮುರಿಯಿತು. ಈಗ ಮೇಲೆ ಬಲೆ ಕಟ್ಟಿದ್ದೇನೆ.

ಹೂ ಬಾಡುವ ಮೊದಲೇ ತೆನೆಯ ತುದಿಯಿಂದ ಹೊಸ ಚಿಗುರು ಮುಂದಕ್ಕೆ ಹೊರಡುತ್ತಿದೆ. ಹಾಗೇ ಬಿಟ್ಟರೆ ಗಟ್ಟಿ ಬೀಜದ ಕಾಯಿಗಳು ವರ್ಷಗಟ್ಟಲೆ ಕೊಂಬೆಗೆ ಅಂಟಿ, ಅಷ್ಟುದ್ದ ಬೋಳಾಗಿ ಉಳಿಯುತ್ತದೆ. ಬಾಡಿದ ಕೂಡಲೇ ತೆನೆಯ ಹಿಂದೆಯೇ ಕತ್ತರಿಸಬೇಕು. ಕೆಳಗಿನ ಒಂದನ್ನು ಮಾತ್ರ ಬೀಜಕ್ಕೆ ಬಿಡುತ್ತೇನೆ.