ಕರಡಿ ಮಜಲಿನ ಹಿಂದಿದ್ದ ಜನರೇಟರ್

ಬನಶಂಕರಿ ಜಾತ್ರೆಯಲ್ಲಿ ಧ್ವನಿಮುದ್ರಿಸಿಕೊಂಡಿದ್ದ ಕರಡಿ ಮಜಲಿನ (ಕರಡಿ ಎಂಬ ಚರ್ಮವಾದ್ಯದ ಜನಪದ ಮೇಳದ) ವಾದನವನ್ನು 5.1 ಸರೌಂಡ್ ಧ್ವನಿಗೆ ಹೊಂದಿಸಿ, ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಪುಟ್ಟ ಸ್ಟುಡಿಯೊದಲ್ಲಿ ಮಿಕ್ಸಿಂಗ್ ಮುಗಿಸಿದ ರಾತ್ರಿ ನನಗೆ ಪೂರ್ಣ ಸಮಾಧಾನವಾಗಿತ್ತು. ಶಹನಾಯಿಯೂ ಕರಡಿಯೂ ಮುಂದಿನ ಮೂರು ಸ್ಪೀಕರ್‌ಗಳಲ್ಲಿದ್ದವು; ಸುತ್ತುಗಟ್ಟಿ ನಿಂತ ಜನರ ಗದ್ದಲ ಹಿಂದಿನ ಎರಡರಲ್ಲಿತ್ತು. ಕೆಲವು ದಿನಗಳ ನಂತರ ಜಮಖಂಡಿಯ ಗೆಳೆಯರೊಬ್ಬರ ಮನೆಯ ಹೋಮ್ ಥಿಯೇಟರ್‌ನಲ್ಲಿ ಅದನ್ನು ಹಚ್ಚಿದಾಗ, ಕರಡಿ ಬಾರಿಸಿದ್ದ ಅಜ್ಜ ಒಂದೆರಡು ನಿಮಿಷ ಕಣ್ಣು ಮುಚ್ಚಿ ಕೇಳಿ, "ತಮ್ಮಾ, ನಮ್ಮ ಕರಡಿ ಹಿಂದ ಯಾವುದೋ ಲಾರಿ ಚಾಲೂ ಇಟ್ಟು ನಿಂದರಿಸಿದಂಗ ಕೇಳಸ್ತೈತಲ್ಲೋ" ಎಂದರು. ಅವರ ಮಾತು ನಿಜವಾಗಿತ್ತು. ಅದು ಲಾರಿಯಲ್ಲ, ನಾಟಕದ ಟೆಂಟಿನ ಹಿಂದೆ ಓಡುತ್ತಿದ್ದ ಡೀಸೆಲ್ ಜನರೇಟರ್. ವಾರಗಟ್ಟಲೆ ಕುಳಿತು ಕೆಲಸ ಮಾಡಿದ ನನ್ನ ಕಿವಿಗೆ ಅದು ಒಮ್ಮೆಯೂ ಬಿದ್ದಿರಲಿಲ್ಲ, ಅದೂ ಕೋಣೆಯಲ್ಲಿ ಮಂದ್ರ ನಾದಕ್ಕೆಂದೇ ಇರುವ ಸ್ಪೀಕರ್ ಪೆಟ್ಟಿಗೆ, ಒಳ್ಳೆಯ ಸಬ್‌ವೂಫರ್, ಇದ್ದೂ.

ಏಕೆ ಬೀಳಲಿಲ್ಲ ಎಂಬುದನ್ನು ಹುಡುಕುತ್ತ ಹೋದಾಗಲೇ ಸಬ್‌ವೂಫರ್ ಹೇಗೆ ಕೆಲಸ ಮಾಡುತ್ತದೆ ಎಂಬುದು ನನಗೆ ಸರಿಯಾಗಿ ತಿಳಿದದ್ದು.

ಮೊದಲ ತಪ್ಪು ಕೇಬಲ್ ಜೋಡಣೆಯಲ್ಲಿತ್ತು. 5.1 ಎನ್ನುವಲ್ಲಿ ಚುಕ್ಕೆಯ ನಂತರದ ಒಂದು ಎಂದರೆ ಸಬ್‌ವೂಫರ್ ಎಂದೇ ನಾನು ತಿಳಿದಿದ್ದೆ. ಬಹಳ ಜನ ಹಾಗೆಯೇ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಒಂದು ಚಾನೆಲ್, ಪೆಟ್ಟಿಗೆಯಲ್ಲ. ಎಲ್‌ಎಫ್‌ಇ (ಲೋ ಫ್ರೀಕ್ವೆನ್ಸಿ ಎಫೆಕ್ಟ್ಸ್) ಎಂದು ಕರೆಯುವ ಈ ಚಾನೆಲ್ ಸ್ಫೋಟ, ಗುಡುಗು ಮೊದಲಾದ ವಿಶೇಷ ಪರಿಣಾಮಗಳಿಗೆ ಮೀಸಲು. ಅದರ ಹರವು ಸುಮಾರು 120 ಹರ್ಟ್ಜ್‌ಗೆ (ಸೆಕೆಂಡಿಗೆ 120 ಕಂಪನಗಳಿಗೆ) ಮುಗಿಯುವುದರಿಂದಲೇ ಅದನ್ನು ಪೂರ್ಣ ಚಾನೆಲ್ ಎಂದು ಎಣಿಸುವುದಿಲ್ಲ, ಮತ್ತು ನುಡಿಸುವಾಗ ಅದಕ್ಕೆ ಉಳಿದ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಹೆಚ್ಚು ಬಲ ಕೊಡಬೇಕೆಂಬ ನಿಯಮವಿದೆ. ಸಬ್‌ವೂಫರಿನ ಪಾಲಿಗೆ ಇದು ಕೆಲಸದ ಒಂದು ಭಾಗ ಮಾತ್ರ. ದೊಡ್ಡ ಭಾಗವೆಂದರೆ ಐದೂ ಚಾನೆಲ್‌ಗಳಲ್ಲಿರುವ ಮಂದ್ರ ನಾದವನ್ನು ತಾನು ಹೊತ್ತುಕೊಳ್ಳುವುದು. ಸರೌಂಡ್ ಕೆಲಸಕ್ಕೆಂದು ತಯಾರಾದ ಸಬ್‌ವೂಫರಿನ ಬೆನ್ನಿನ ಮೇಲೆ ಎಕ್ಸ್‌ಎಲ್‌ಆರ್ ಕೇಬಲ್ ಚುಚ್ಚುವ ಕಿಂಡಿಗಳ ಎರಡು ಸಾಲುಗಳಿರುತ್ತವೆ: ಐದು ಚಾನೆಲ್‌ಗಳೂ ಎಲ್‌ಎಫ್‌ಇ ಚಾನೆಲ್ಲೂ ಒಂದರಲ್ಲಿ ಒಳಗೆ ಬರುತ್ತವೆ, ಐದು ಚಾನೆಲ್‌ಗಳು ಇನ್ನೊಂದರಿಂದ ಸ್ಪೀಕರ್‌ಗಳ ಕಡೆಗೆ ಹೊರಡುತ್ತವೆ. ನಡುವೆ ಇರುವ ಕ್ರಾಸ್‌ಓವರ್ ಸಾಮಾನ್ಯವಾಗಿ 80 ಹರ್ಟ್ಜ್ ಆಸುಪಾಸಿನಲ್ಲಿ ಗೆರೆ ಎಳೆದು, ಮೇಲಿನದನ್ನು ಆಯಾ ಸ್ಪೀಕರಿಗೆ ಬಿಟ್ಟುಕೊಟ್ಟು, ಕೆಳಗಿನದನ್ನೆಲ್ಲ ಕೂಡಿಸಿ ತನ್ನ ಆಂಪ್ಲಿಫೈಯರಿಗೆ ಕಳುಹಿಸುತ್ತದೆ. ಅಷ್ಟು ಕೆಳಗಿನ ನಾದ ಯಾವ ದಿಕ್ಕಿನಿಂದ ಬಂತೆಂದು ನಮ್ಮ ಕಿವಿ ಗುರುತಿಸಲಾರದು. ಆದ್ದರಿಂದ ಐದು ಮೂಲೆಗಳ ಮಂದ್ರವನ್ನು ಒಂದೇ ಪೆಟ್ಟಿಗೆ ನುಡಿಸಿದರೂ ಮೋಸವಾಗುವುದಿಲ್ಲ.

ನಾನು ಎಲ್‌ಎಫ್‌ಇ ಒಂದನ್ನೇ ಸಬ್‌ವೂಫರಿಗೆ ಕೊಟ್ಟು, ಐದು ಸ್ಪೀಕರ್‌ಗಳನ್ನು ನೇರವಾಗಿ ಜೋಡಿಸಿದ್ದೆ. ಜನರೇಟರಿನ ಸದ್ದು ಕುಳಿತಿದ್ದು ಜನರ ಕಡೆಗೆ ಮುಖ ಮಾಡಿದ್ದ ಮೈಕುಗಳಲ್ಲಿ, ಅಂದರೆ ಹಿಂದಿನ ಎರಡು ಚಾನೆಲ್‌ಗಳಲ್ಲಿ. ಅಲ್ಲಿದ್ದ ಚಿಕ್ಕ ಸ್ಪೀಕರ್‌ಗಳಿಗೆ ಅಷ್ಟು ಕೆಳಗಿನ ನಾದ ನುಡಿಸುವ ಶಕ್ತಿಯೇ ಇರಲಿಲ್ಲ. ಜಮಖಂಡಿಯ ಮನೆಯಲ್ಲಿ ಎಲ್ಲವೂ ಸರಿಯಾಗಿ ಜೋಡಣೆಯಾಗಿತ್ತು, ಹಾಗಾಗಿ ಅಜ್ಜನಿಗೆ ಕೇಳಿಸಿತು.

ಚಿಕ್ಕ ಸ್ಪೀಕರಿನ ಈ ಅಸಹಾಯಕತೆಗೆ ಲೆಕ್ಕವೊಂದಿದೆ. ಆವೃತ್ತಿ, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ, ಅರ್ಧಕ್ಕೆ ಇಳಿದಾಗ ಅಷ್ಟೇ ಜೋರಿನ ನಾದ ಬೇಕಾದರೆ ಸ್ಪೀಕರಿನಲ್ಲಿ ಗಾಳಿಯನ್ನು ತಳ್ಳುವ ಕೋನ್ ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಚಲಿಸಬೇಕು. 80 ಹರ್ಟ್ಜ್‌ನಲ್ಲಿ ಅರ್ಧ ಮಿಲಿಮೀಟರ್ ಅಲುಗಿದರೆ ಸಾಕಾಗುವ ಕೋನ್ 20 ಹರ್ಟ್ಜ್‌ನಲ್ಲಿ ಎಂಟು ಮಿಲಿಮೀಟರ್ ಅಲುಗಬೇಕಾಗುತ್ತದೆ. ಆಂಪ್ಲಿಫೈಯರನ್ನು ಪೆಟ್ಟಿಗೆಯೊಳಗೇ ಇಡುವುದಕ್ಕೂ ಇದೇ ಕಾರಣ. ಯಾವ ಕೋನಿಗೆ, ಎಷ್ಟು ಗಾಳಿಯ ಪೆಟ್ಟಿಗೆಗೆ ತಾನು ದುಡಿಯುತ್ತಿದ್ದೇನೆಂಬುದು ಆ ಆಂಪ್ಲಿಫೈಯರಿನ ವಿನ್ಯಾಸದಲ್ಲೇ ಅಡಕವಾಗಿರುತ್ತದೆ. ಕೋನ್ ಹದ್ದು ಮೀರಿ ಹರಿದುಹೋಗುವ ಮೊದಲೇ ಅದರೊಳಗಿನ ಲಿಮಿಟರ್ ತಡೆಯುತ್ತದೆ.

ಜೋಡಣೆ ತಿದ್ದಿದ ಮೇಲೂ ನನ್ನ ಕುರ್ಚಿಯಲ್ಲಿ ಜನರೇಟರ್ ಕೇಳಿಸಲಿಲ್ಲ! ಆದರೆ ಪಕ್ಕದ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಾಟುಗಳು ಸಣ್ಣಗೆ ನಡುಗುತ್ತಿದ್ದವು. ನಾನು ಎದ್ದು ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತಾಗ ಗುಂಯ್ ಎನ್ನುವ ಸದ್ದು ಎದೆಗೇ ತಾಗಿತು. ಮರಳಿ ಕುರ್ಚಿಗೆ ಬಂದರೆ ಮತ್ತೆ ಮಾಯ.

ನನ್ನ ಕೋಣೆಯ ಉದ್ದ 15 ಅಡಿ, ಅಂದರೆ ಸುಮಾರು 4.57 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅರ್ಧ ತರಂಗಾಂತರ ಕೋಣೆಯ ಉದ್ದಕ್ಕೆ ಸರಿಹೊಂದುವ ಆವೃತ್ತಿಯಲ್ಲಿ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ: ಗೋಡೆಯ ಹತ್ತಿರ ಅಬ್ಬರ, ನಟ್ಟನಡುವೆ ಮೌನ. ಲೆಕ್ಕ ಹಾಕಿದರೆ ಆ ಆವೃತ್ತಿ 37.5 ಹರ್ಟ್ಜ್. 50 ಹರ್ಟ್ಜ್ ವಿದ್ಯುತ್ ಕೊಡುವ ಡೀಸೆಲ್ ಜನರೇಟರ್‌ಗಳು ಹೆಚ್ಚಾಗಿ ನಿಮಿಷಕ್ಕೆ 1500 ಸುತ್ತು ತಿರುಗುತ್ತವೆ, ಅಂದರೆ ಸೆಕೆಂಡಿಗೆ 25. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಉರಿಯುವುದರಿಂದ ಅದರ ಬಡಿತ ಸೆಕೆಂಡಿಗೆ ಮೂವತ್ತೇಳೂವರೆ. ಕೋಣೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡಿದ್ದ ನಾನು ಆ ಒಂದೇ ನಾದಕ್ಕೆ ಕಿವುಡನಾಗಿದ್ದೆ. ಕಾಗದದ ಮೇಲೆ ಈ ಎರಡು ಸಂಖ್ಯೆಗಳು ಒಂದಾದದ್ದನ್ನು ನೋಡಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಇಂಥ ಮೌನದ ಜಾಗವನ್ನು, ಬೇಕಾದ ಆವೃತ್ತಿಯ ಜೋರನ್ನು ಏರಿಸಿ ಇಳಿಸುವ ಈಕ್ವಲೈಜರ್ ತಿರುವಿ ತುಂಬಲು ಹೋಗಬಾರದು. ಎಷ್ಟು ಬಲ ಕೊಟ್ಟರೂ ಹೋಗುವ ಅಲೆಯಂತೆಯೇ ಮರಳಿ ಬರುವ ಅಲೆಯೂ ಜೋರಾಗುತ್ತದೆ, ಎರಡೂ ಒಂದನ್ನೊಂದು ಅಳಿಸುತ್ತವೆ, ದಣಿಯುವುದು ಆಂಪ್ಲಿಫೈಯರ್ ಮಾತ್ರ. ಸರಿಸಬೇಕಾದದ್ದು ಕುರ್ಚಿಯನ್ನು, ಇಲ್ಲವೇ ಸಬ್‌ವೂಫರನ್ನು. ನಾನು ಕುರ್ಚಿಯನ್ನು ಎರಡು ಅಡಿ ಮುಂದೆ ಸರಿಸಿದೆ. ಆಮೇಲೆ ಸಬ್‌ವೂಫರನ್ನೇ ಕುರ್ಚಿಯ ಜಾಗದಲ್ಲಿ ಇಟ್ಟು, ಮಂದ್ರ ನಾದ ನುಡಿಸುತ್ತ, ಮುಂದಿನ ಗೋಡೆಯ ಬುಡದಲ್ಲಿ ಮೊಣಕಾಲೂರಿ ಹರಿದಾಡಿ, ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮನಾಗಿ ಕೇಳುವ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ ಅದನ್ನು ಅಲ್ಲಿಗೆ ತಂದಿಟ್ಟೆ. ಕೊನೆಗೆ 80 ಹರ್ಟ್ಜ್ ನಾದವೊಂದನ್ನೇ ಹಚ್ಚಿ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಸ್ವಿಚ್ಚನ್ನು 0 ಮತ್ತು 180 ಡಿಗ್ರಿಗಳ ನಡುವೆ ಬದಲಿಸಿ ನೋಡಿ, ಜೋರಾಗಿ ಕೇಳಿದ ಕಡೆಗೆ ಬಿಟ್ಟೆ. ಕ್ರಾಸ್‌ಓವರ್ ಗೆರೆ ಬೀಳುವ ಆ ಆವೃತ್ತಿಯನ್ನು ಸ್ಪೀಕರೂ ಸಬ್‌ವೂಫರೂ ಇಬ್ಬರೂ ನುಡಿಸುವುದರಿಂದ, ಹೆಜ್ಜೆ ತಪ್ಪಿದರೆ ಅಲ್ಲೊಂದು ತಗ್ಗು ಬೀಳುತ್ತದೆ.

ಈಗ ಜನರೇಟರ್ ಸ್ಪಷ್ಟವಾಗಿ ಕೇಳಿಸಿತು. ಹಿಂದಿನ ಎರಡು ಚಾನೆಲ್‌ಗಳಲ್ಲಿ 60 ಹರ್ಟ್ಜ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸಿದೆ. ಕರಡಿಯ ತುಂಬು ದನಿ ಮುಂದಿನ ಮೈಕುಗಳಲ್ಲಿ ಇದ್ದುದರಿಂದ ಅದಕ್ಕೆ ಏನೂ ಆಗಲಿಲ್ಲ. ಹೊಸ ಮಿಕ್ಸನ್ನು ಮುಂದಿನ ವಾರ ಜಮಖಂಡಿಗೆ ಒಯ್ಯುತ್ತಿದ್ದೇನೆ, ಅಜ್ಜನಿಗೂ ಬರಲು ಹೇಳಿದ್ದೇನೆ.