ನಲವತ್ತು ದಾಟಿದ ಹೈಸ್ಕೂಲ್ ಹುಡುಗರು

ಶಿಕಾಗೋ ಪಕ್ಕದ ನಮ್ಮ ಉಪನಗರದ ಹವ್ಯಾಸಿ ತಂಡ ಈ ಬೇಸಿಗೆಯಲ್ಲಿ ‘ಗ್ರೀಸ್’ ಎಂಬ ಹಾಡು-ಕುಣಿತದ ನಾಟಕ ಆಡಿತು. ನನಗೆ ಸಿಕ್ಕಿದ್ದು ತೆರೆಯ ಹಿಂದಿನ ಕೆಲಸ. ಕೆನ್ನೆಗೆ ಮೈಕ್ ಅಂಟಿಸಬೇಕು, ಜಾಕೆಟ್ ಕೈಗೆ ಕೊಡಬೇಕು, ಹುಡುಗರ ಕಾರನ್ನು ಹಿಂದಿನಿಂದ ತಳ್ಳಬೇಕು. ಕಾರು ಅಂದರೆ ಚಕ್ರ ಹಾಕಿದ ಪ್ಲೈವುಡ್ ಪೆಟ್ಟಿಗೆ, ಅಷ್ಟೇ.

ಕಥೆ 1950ರ ದಶಕದ ಕೊನೆಯ ಹೈಸ್ಕೂಲಿನದು. ನಮ್ಮ ನಾಯಕ ಡ್ಯಾನಿ ಮಾತ್ರ ಐವತ್ತರ ಹತ್ತಿರದ ಹಲ್ಲಿನ ಡಾಕ್ಟರು. ಕುಣಿದು ಒಳಗೆ ಬಂದ ಕೂಡಲೇ ಮಂಡಿಗೆ ಐಸ್ ಒತ್ತಿಕೊಳ್ಳುತ್ತಿದ್ದರು. ಎಣ್ಣೆ ಹಚ್ಚಿ ಬಾಚೋಣ ಅಂದರೆ ತಲೆಯಲ್ಲಿ ಕೂದಲೇ ಇಲ್ಲ. ವಿಗ್ ತರಿಸಿದೆವು.

ದೊಡ್ಡ ಜಗಳ ನಡೆದದ್ದು ಹಾಡುಗಳ ಬಗ್ಗೆ. ಜಿಮ್ ಜೇಕಬ್ಸ್, ವಾರನ್ ಕೇಸಿ ಬರೆದ ಈ ನಾಟಕ 1971ರಲ್ಲಿ ಶಿಕಾಗೋದ ಹಳೇ ಟ್ರಾಮ್ ಶೆಡ್ಡೊಂದರಲ್ಲಿ ಶುರುವಾಯಿತು. ಜೇಕಬ್ಸ್ ತಾವು ಓದಿದ ಟಾಫ್ಟ್ ಹೈಸ್ಕೂಲನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಮಾತು ಒರಟು, ಬೈಗುಳ ಜಾಸ್ತಿ. ಆದರೆ ಜನರಿಗೆ ನೆನಪಿರುವುದು 1978ರ ಸಿನಿಮಾ, ಅದಕ್ಕೆಂದೇ ಹೊಸದಾಗಿ ಬರೆದ ಹಾಡುಗಳು. ಅವು ಮೂಲ ನಾಟಕದಲ್ಲಿ ಇರಲಿಲ್ಲ. ಬೇಕಿದ್ದರೆ ಬೇರೆ ಅನುಮತಿ, ಬೇರೆ ದುಡ್ಡು. “ಆ ಹಾಡಿಲ್ಲದಿದ್ದರೆ ಟಿಕೆಟ್ ವಾಪಸ್ ಕೇಳ್ತಾರೆ” ಎಂದರು ಖಜಾಂಚಿ. ದುಡ್ಡು ಕಟ್ಟಿದೆವು.

ಈ ವಯಸ್ಸಿನವರು ಹದಿಹರೆಯದವರಾಗಿ ಕುಣಿದರೆ ನಗೆಪಾಟಲಾಗುತ್ತದೆ ಅಂತ ನನಗೆ ಖಾತ್ರಿಯಿತ್ತು. ಮೊದಲರ್ಧ ಜನ ನಕ್ಕರು ಕೂಡ. ಆಮೇಲೆ ಕಥೆಯ ಹುಡುಗಿಯರಲ್ಲೊಬ್ಬಳಾದ ರಿಜ್ಜೊ ಒಬ್ಬಳೇ ನಿಂತು ಹಾಡುವ ಹೊತ್ತು ಬಂತು. ಹೊಟ್ಟೆಯಲ್ಲಿ ಮಗುವಿದೆಯೇನೋ ಎಂಬ ಭಯ, ಅದನ್ನು ಯಾರಿಗೂ ತೋರಿಸಬಾರದೆಂಬ ಜಂಭ. ಶಾಲೆಗಳಿಗೆಂದೇ ಸಿದ್ಧಪಡಿಸಿದ ಆವೃತ್ತಿಯಲ್ಲಿ ಈ ಎಳೆಯನ್ನೇ ತೆಗೆದಿದ್ದಾರೆ. ಅಂದರೆ ಆ ವಯಸ್ಸಿನ ಹುಡುಗಿಯರ ಪಾಡನ್ನು ಆ ವಯಸ್ಸಿನ ಹುಡುಗಿಯರೇ ಶಾಲೆಯಲ್ಲಿ ಆಡುವಂತಿಲ್ಲ! ನಮ್ಮ ರಿಜ್ಜೊ ಸ್ಕೂಲ್ ಬಸ್ ಓಡಿಸುವ ಹೆಂಗಸು, ಮೊಮ್ಮಗಳಿದ್ದಾಳೆ. ಕೈ ಆಡಿಸಲಿಲ್ಲ, ಅಳಲೂ ಇಲ್ಲ. ಹಳೇ ಲೆಕ್ಕ ಒಪ್ಪಿಸುವವಳ ಹಾಗೆ ಹಾಡಿದಳು. ಹದಿನೇಳರ ಹುಡುಗಿಗೆ ಆ ದನಿ ಬರುತ್ತಿತ್ತೇ? ನನಗೆ ಅನುಮಾನ.

ಕೊನೆ ಮಾತ್ರ ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಹುಡುಗನಿಗೋಸ್ಕರ ನಾಯಕಿ ಸ್ಯಾಂಡಿ ಪೂರ್ತಿ ಬದಲಾಗಬೇಕು, ಕಪ್ಪು ಬಿಗಿ ಬಟ್ಟೆ ತೊಟ್ಟು ಬರಬೇಕು. ಜನ ಶಿಳ್ಳೆ ಹೊಡೆಯುವುದೂ ಅಲ್ಲೇ. ತಮಾಷೆಯೆಂದರೆ ಆ ಬಟ್ಟೆ ತೊಡಿಸುವವಳು ನಾನೇ. ಕತ್ತಲಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಜಿಪ್ ಎಳೆಯುತ್ತಾ ಗೊಣಗಿದೆ, “ಇವಳು ಯಾಕೆ ಬದಲಾಗಬೇಕು ಹೇಳು?”

ನಮ್ಮ ಸ್ಯಾಂಡಿಗೆ ನಲವತ್ತೆರಡು. ಉಸಿರು ಬಿಗಿಹಿಡಿದು ಹೇಳಿದಳು, “ಹದಿನೇಳರಲ್ಲಿ ನಾನೂ ಹೀಗೇ ಬದಲಾಗಿದ್ದೆ. ಅವನ ಹೆಸರೂ ಈಗ ಸರಿಯಾಗಿ ನೆನಪಿಲ್ಲ. ಜಿಪ್ ಎಳಿ ಬೇಗ, ನನ್ನ ಹಾಡು ಬಂತು.”