ಅವನ ಹೆಂಡ್ತಿದು ಏನೂ ಇಲ್ವಾ?

2010ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಮೊದಲ ಸಲ ನಮ್ಮ ಮನೆಗೆ, ಮೇರಿಲ್ಯಾಂಡಿಗೆ ಬಂದಿದ್ದರು. ವಾಷಿಂಗ್ಟನ್ ನೋಡಬೇಕು ಅನ್ನೋದು ಅಪ್ಪನ ಆಸೆ. ಅಧ್ಯಕ್ಷರ ಬಿಳಿ ಮನೆಯನ್ನು ಬೇಲಿಯ ಆಚೆಯಿಂದ ನೋಡಿ ಆಯಿತು, ಲಿಂಕನ್ ಸ್ಮಾರಕದ ಮೆಟ್ಟಿಲು ಹತ್ತಿ ಇಳಿದೂ ಆಯಿತು. ಬಿಸಿಲು ಜಾಸ್ತಿಯಾದಾಗ ಮೂವರೂ ಅಮೆರಿಕದ ಇತಿಹಾಸದ ಮ್ಯೂಸಿಯಂ ಒಳಗೆ ಹೋದೆವು. ಲಿಂಕನ್ ಹುಟ್ಟಿ ಇನ್ನೂರು ವರ್ಷ ತುಂಬಿದ ನೆನಪಿಗೆ ಅಲ್ಲಿ ಅವರ ವಸ್ತುಗಳನ್ನೆಲ್ಲ ಒಂದೆಡೆ ಜೋಡಿಸಿಟ್ಟಿದ್ದರು.

ಅಪ್ಪ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತವರು ಕದಲಲೇ ಇಲ್ಲ. ಒಳಗೆ ಲಿಂಕನ್ ಅವರ ಚಿನ್ನದ ಜೇಬುಗಡಿಯಾರ. ಮೇಲಿನ ಕವಚ ಚಿನ್ನದ್ದು, ಒಳಗಿನ ಯಂತ್ರ ಇಂಗ್ಲೆಂಡಿನ ಲಿವರ್‌ಪೂಲಿನದ್ದು. ಸ್ಪ್ರಿಂಗ್‌ಫೀಲ್ಡಿನಲ್ಲಿ ವಕೀಲಿಕೆ ಕೈಹಿಡಿದ ಕಾಲದಲ್ಲಿ, 1850ರ ದಶಕದಲ್ಲಿ, ಅದೇ ಊರಿನ ಚಿನ್ನದಂಗಡಿಯಲ್ಲಿ ತಗೊಂಡದ್ದು. ಮರದ ಗುಡಿಸಲಲ್ಲಿ ಹುಟ್ಟಿದ ಹುಡುಗನಿಗೆ ಅಂಥದ್ದೊಂದು ವಾಚು ಅಂದರೆ ಸಣ್ಣ ಮಾತಲ್ಲ.

ಪಕ್ಕದಲ್ಲಿ ಆ ವಾಚಿನ ಕತೆ ಬರೆದಿತ್ತು. ನಾನು ಓದಿ ಓದಿ ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

1861ರ ಏಪ್ರಿಲ್. ಲಿಂಕನ್ ಅಧ್ಯಕ್ಷರಾಗಿ ಇನ್ನೂ ಆರು ವಾರ ಆಗಿಲ್ಲ. ಅವರ ವಾಚು ರಿಪೇರಿಗೆಂದು ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂನಲ್ಲಿದ್ದ ಗಾಲ್ಟ್ ಅಂಗಡಿಗೆ ಬಂದಿತ್ತು. ಕೆಲಸ ಮಾಡುತ್ತಿದ್ದವನು ಜೊನಾಥನ್ ಡಿಲನ್, ಐರ್ಲೆಂಡಿನಿಂದ ಬಂದು ನೆಲೆಸಿದ ವಾಚ್ ರಿಪೇರಿಯವನು. ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳವರು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಿದ್ದಾರೆ, ಅಂತರ್ಯುದ್ಧ ಶುರುವಾಗಿದೆ ಅಂತ ಅಂಗಡಿಯ ಮಾಲೀಕ ಓಡಿ ಬಂದು ಹೇಳಿದ. ಡಿಲನ್ ಕೈಯಲ್ಲಿ ಆ ಹೊತ್ತಿಗೆ ಬಿಚ್ಚಿಟ್ಟ ಲಿಂಕನ್ ವಾಚು. ಮುಳ್ಳುಗಳ ಕೆಳಗಿನ ಬಿಲ್ಲೆಯನ್ನು ಮತ್ತೆ ಕೂರಿಸೋ ಮೊದಲು, ಅದರಡಿಯ ಹಿತ್ತಾಳೆ ತಗಡಿನ ಮೇಲೆ ಮೊನೆಯಿಂದ ನಾಲ್ಕು ಸಾಲು ಗೀಚಿದ. ಮುಚ್ಚಿದ. ವಾಚು ಬಿಳಿ ಮನೆಗೆ ವಾಪಸ್ ಹೋಯಿತು.

ಇನ್ನು ನಾಲ್ಕು ವರ್ಷ ಲಿಂಕನ್ ಬದುಕಿದ್ದರು. ತಮ್ಮ ವಾಚಿನ ಒಳಗೆ ಯಾರೋ ಏನೋ ಬರೆದಿದ್ದಾರೆ ಅನ್ನೋದು ಅವರಿಗೆ ಗೊತ್ತೇ ಆಗಲಿಲ್ಲ.

ಡಿಲನ್ ಮಾತ್ರ ಮನೆಯವರಿಗೆ ಹೇಳಿಕೊಂಡಿದ್ದ. 1906ರಲ್ಲಿ, ಮುದುಕನಾದ ಮೇಲೆ, ಪತ್ರಿಕೆಯವರಿಗೂ ಹೇಳಿದ. "ಮೊದಲ ಗುಂಡು ಹಾರಿದೆ. ಗುಲಾಮಗಿರಿ ಸತ್ತಿದೆ. ಪ್ರಯತ್ನವನ್ನಾದರೂ ಮಾಡುವ ಅಧ್ಯಕ್ಷ ನಮಗಿದ್ದಾನಲ್ಲ, ದೇವರು ದೊಡ್ಡವನು." ಹೀಗೆ ಬರೆದೆ ಅಂತ ಅವನ ನೆನಪು. ವಾಚು ಲಿಂಕನ್ ಮರಿಮಗನಿಂದ 1958ರಲ್ಲಿ ಮ್ಯೂಸಿಯಂಗೆ ಬಂತು. ಬಿಚ್ಚಿ ನೋಡಿದವರಿಲ್ಲ. ಕೊನೆಗೆ ಡಿಲನ್ ವಂಶದವರೊಬ್ಬರು ಮ್ಯೂಸಿಯಂಗೆ ವಿಷಯ ತಿಳಿಸಿದರು. 2009ರ ಮಾರ್ಚ್ 10ರಂದು, ಪತ್ರಕರ್ತರ ಎದುರಿಗೇ ವಾಚನ್ನು ಬಿಚ್ಚಿದರು. ಬರಹ ಇತ್ತು! ಆದರೆ ಗುಲಾಮಗಿರಿಯ ಮಾತಿಲ್ಲ. ಡಿಲನ್ ಹೆಸರು, ಏಪ್ರಿಲ್ 13ರ ತಾರೀಕು, ಸಮ್ಟರ್ ಕೋಟೆಯ ಮೇಲೆ ಬಂಡುಕೋರರು ದಾಳಿ ಮಾಡಿದರು ಅನ್ನೋ ಸುದ್ದಿ, ಆಮೇಲೆ "ನಮಗೊಂದು ಸರ್ಕಾರ ಇದೆಯಲ್ಲ, ದೇವರೇ ಕಾಪಾಡಿದ" ಅನ್ನೋ ಅರ್ಥದ ಒಂದು ಸಾಲು. ಸಮ್ಟರ್ ಅನ್ನೋ ಹೆಸರಿನ ಸ್ಪೆಲಿಂಗ್ ತಪ್ಪಿದೆ. ದಾಳಿ ಶುರುವಾಗಿದ್ದು 12ರ ನಸುಕಿನಲ್ಲಿ, ಅವನು ಹಾಕಿದ್ದು 13.

ನನಗೆ ಇದರಲ್ಲಿ ಡಿಲನ್ ಸುಳ್ಳು ಹೇಳಿದ ಅಂತ ಅನ್ನಿಸಲೇ ಇಲ್ಲ. ಅವನು ಗೀಚಿದ್ದು ಯುದ್ಧ ಆಗಷ್ಟೇ ಶುರುವಾದಾಗ. ಮುಂದೆ ಏನಾಗುತ್ತೋ ಯಾರಿಗೂ ಗೊತ್ತಿಲ್ಲ, ಸರ್ಕಾರ ಉಳಿದರೆ ಸಾಕು ಅನ್ನೋ ಹೊತ್ತು. ನೆನಪು ಮಾಡಿಕೊಂಡದ್ದು ನಲವತ್ತೈದು ವರ್ಷದ ಮೇಲೆ. ಅಷ್ಟರಲ್ಲಿ ಗುಲಾಮಗಿರಿ ನಿಜಕ್ಕೂ ಹೋಗಿತ್ತು. ನಡುವೆ ನಡೆದದ್ದೆಲ್ಲ ಆ ನೆನಪಿನೊಳಗೆ ಸೇರಿಕೊಂಡಿತ್ತು, ಅಷ್ಟೇ.

ಅದೇ ವಾಚಿನಲ್ಲಿ 1864ರ ಸೆಪ್ಟೆಂಬರ್ ಅಂತ ಇನ್ನೊಬ್ಬ ರಿಪೇರಿಯವನ ಹೆಸರೂ ಇದೆ. ಎದುರು ಪಾಳಯದ ಅಧ್ಯಕ್ಷ ಜೆಫ್ ಡೇವಿಸ್ ಹೆಸರನ್ನೂ ಯಾರೋ ಕೆತ್ತಿದ್ದಾರೆ.

ಅಪ್ಪನಿಗೆ ಇದೆಲ್ಲ ಆಶ್ಚರ್ಯವೇ ಆಗಲಿಲ್ಲ. "ರಿಪೇರಿಯವರು ಹಾಗೇ ಕಣಮ್ಮ, ಒಳಗೆ ಗುರುತು ಹಾಕ್ತಾರೆ," ಅಂದರು. ತಮ್ಮ ಕೈಯಲ್ಲಿದ್ದ ಎಚ್‌ಎಂಟಿ ಬಿಚ್ಚಿ ಹಿಂದಿನ ಮುಚ್ಚಳ ತೋರಿಸಿದರು. 1974ರಲ್ಲಿ ಅವರ ಮದುವೆಗೆ ನನ್ನ ತಾತ ಕೊಟ್ಟ ವಾಚು, ದಿನಾ ಬೆಳಿಗ್ಗೆ ಸ್ನಾನ ಆದ ಮೇಲೆ ಕೀ ಕೊಡೋದು ಅವರ ಅಭ್ಯಾಸ. ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ಕೂರುತ್ತಿದ್ದ ರಿಪೇರಿಯವರು ಪ್ರತಿ ಸಲ ಬಿಚ್ಚಿದಾಗಲೂ ಮುಚ್ಚಳದ ಒಳಮೈಗೆ ಸೂಜಿಯಲ್ಲಿ ತಿಂಗಳು, ವರ್ಷ ಗೀಚುತ್ತಿದ್ದರಂತೆ. "ಇದರೊಳಗೆ ನಾಲ್ಕು ತಾರೀಕಿದೆ," ಅಂದರು. ಅಷ್ಟು ವರ್ಷ ನೋಡಿದ ವಾಚು, ನನಗೆ ಗೊತ್ತಿರಲಿಲ್ಲ.

ಮುಂದಕ್ಕೆ ಲಿಂಕನ್ ಟೋಪಿ. ಗುಂಡೇಟು ಬಿದ್ದ ಕೊನೆಯ ರಾತ್ರಿ ಫೋರ್ಡ್ ಥಿಯೇಟರಿಗೆ ಹಾಕಿಕೊಂಡು ಹೋದ ಎತ್ತರದ ಕಪ್ಪು ಟೋಪಿ. ಅದರ ಸುತ್ತ ಒಂದು ಅಗಲವಾದ ರೇಷ್ಮೆ ಪಟ್ಟಿ ಇದೆ. 1862ರಲ್ಲಿ ಬಿಳಿ ಮನೆಯಲ್ಲೇ ಜ್ವರ ಬಂದು ತೀರಿಕೊಂಡ ಹನ್ನೊಂದು ವರ್ಷದ ಮಗ ವಿಲ್ಲಿಯ ಸೂತಕಕ್ಕೆ ಸುತ್ತಿದ ಪಟ್ಟಿ. ಮೂರು ವರ್ಷ ಆದರೂ ಲಿಂಕನ್ ಅದನ್ನು ತೆಗೆದಿರಲಿಲ್ಲ.

ಅಲ್ಲೇ ಅಮ್ಮ ಕೇಳಿದಳು. "ಎಲ್ಲಾ ಅವನದ್ದೇ. ಅವನ ಹೆಂಡ್ತಿದು ಏನೂ ಇಲ್ವಾ? ಮಗ ಸತ್ತಿದ್ದು ಅವಳಿಗೂ ತಾನೇ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೆ ಓದಲು ಕೂತೆ. ಬಿಟ್ಟು ಏಳೋಕಾಗಲಿಲ್ಲ.

ಮೇರಿ ಟಾಡ್ ಲಿಂಕನ್. ಮದುವೆ 1842ರ ನವೆಂಬರ್ 4. ಅವಳ ಉಂಗುರದ ಮೇಲೆ ಗಂಡ ಕೆತ್ತಿಸಿದ್ದು "ಪ್ರೀತಿ ಶಾಶ್ವತ" ಅಂತ. ನಾಲ್ಕು ಗಂಡುಮಕ್ಕಳು, ಅವರಲ್ಲಿ ಮೂವರು ಅವಳ ಕಣ್ಣೆದುರೇ ಹೋದರು. ಗಂಡನಿಗೆ ಗುಂಡು ಬಿದ್ದಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಲಿಂಕನ್ ವಿಲ್ ಬರೆದಿಟ್ಟಿರಲಿಲ್ಲ, ಆಸ್ತಿ ಪಾಲಾಗಿ ಕೈಗೆ ಬರುವ ಹೊತ್ತಿಗೆ 1867ರ ನವೆಂಬರ್. ಅವಳ ಮೇಲೆ ಅಂಗಡಿಗಳ ಸಾಲ ಬೇರೆ. ದುಂದು ಮಾಡುತ್ತಿದ್ದಳು ಅನ್ನೋದೂ ನಿಜ, ನಾನು ಅದನ್ನು ಮುಚ್ಚಿಡೋದಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಅವಳು ಬೇರೆ ಹೆಸರಿಟ್ಟುಕೊಂಡು ನ್ಯೂಯಾರ್ಕಿಗೆ ಹೋದಳು, ತನ್ನ ಬಟ್ಟೆ, ಶಾಲು, ಒಡವೆ ಮಾರಲು. ಜೊತೆಗೆ ನಿಂತವಳು ಎಲಿಜಬೆತ್ ಕೆಕ್ಲಿ. ಗುಲಾಮಳಾಗಿ ಹುಟ್ಟಿ, 1,200 ಡಾಲರ್ ಕಟ್ಟಿ ತನ್ನನ್ನೂ ಮಗನನ್ನೂ ಬಿಡಿಸಿಕೊಂಡು, ವಾಷಿಂಗ್ಟನ್ನಿನ ದೊಡ್ಡ ಮನೆಗಳ ಹೆಂಗಸರಿಗೆ ಬಟ್ಟೆ ಹೊಲಿದುಕೊಡುತ್ತಿದ್ದವಳು. ಮೇರಿಯ ಬಟ್ಟೆಗಳನ್ನೂ ಹೊಲಿದವಳು ಅವಳೇ. ಈಗ ಅವನ್ನೇ ಮಾರಿಸಲು ಬಂದಿದ್ದಳು. ದಲ್ಲಾಳಿಗಳು ಎಲ್ಲವನ್ನೂ ಬ್ರಾಡ್‌ವೇ ಬೀದಿಯ ಅಂಗಡಿಯಲ್ಲಿ ಹರವಿಟ್ಟರು. ಜನ ಬಂದರು. ಮುಟ್ಟಿ ನೋಡಿದರು, ಮೂಗು ಮುರಿದರು, ಹೋದರು. ಕೊಂಡವರು ಇಲ್ಲ ಅನ್ನುವಷ್ಟು ಕಡಿಮೆ. ಪತ್ರಿಕೆಗಳು ಬಾಯಿಗೆ ಬಂದ ಹಾಗೆ ಬೈದವು. ಕೊನೆಗೆ ದಲ್ಲಾಳಿಗಳಿಗೇ ಅವಳು ದುಡ್ಡು ಕಟ್ಟಬೇಕಾಯಿತು.

ಅದೇ 1867ರಲ್ಲಿ ಲಿಂಕನ್ ಟೋಪಿ, ನಾವು ನೋಡಿದ ಮ್ಯೂಸಿಯಂ ನಡೆಸೋ ಸ್ಮಿತ್ಸೋನಿಯನ್ ಸಂಸ್ಥೆಗೆ ಬಂತು. ಮೇರಿಯೇ ಒಪ್ಪಿಗೆ ಕೊಟ್ಟಿದ್ದಳು. ಜನರ ಆವೇಶ ಇನ್ನೂ ಇಳಿದಿಲ್ಲ, ಇದನ್ನು ಯಾರಿಗೂ ತೋರಿಸಬೇಡಿ, ಯಾರ ಹತ್ತಿರವೂ ಹೇಳಬೇಡಿ ಅಂತ ಮುಖ್ಯಸ್ಥರು ಅದನ್ನು ನೆಲಮಾಳಿಗೆಯಲ್ಲಿ ಇಡಿಸಿದರು. 1893ರವರೆಗೆ ಹೊರಗೆ ತೆಗೆಯಲಿಲ್ಲ. ಅವನ ಟೋಪಿಯನ್ನು ಅಷ್ಟು ಜೋಪಾನ ಮಾಡಿದ ಜನರೇ, ಅವಳ ಬಟ್ಟೆಯನ್ನು ಬೀದಿಗೆಳೆದು ಆಡಿಕೊಂಡರು. ಇದು ನನಗೆ ಇವತ್ತಿಗೂ ನುಂಗಲಾರದ ತುತ್ತು.

ಲಿಂಕನ್ ಜೇಬಿನಲ್ಲಿ ಆ ರಾತ್ರಿ ಇದ್ದದ್ದೆಲ್ಲ ಈಗ ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ. ಮೊಮ್ಮಗಳು 1937ರಲ್ಲಿ ಕೊಟ್ಟದ್ದು. ಎರಡು ಕನ್ನಡಕ, ಅದರಲ್ಲಿ ಒಂದಕ್ಕೆ ದಾರ ಕಟ್ಟಿದೆ. ಒಂದು ಚಾಕು, ಕರವಸ್ತ್ರ, ವಾಚಿಗೆ ಕಟ್ಟುವ ಪದಕ, ಚರ್ಮದ ಪರ್ಸು, ಒಳಗೆ ಬಂಡುಕೋರ ರಾಜ್ಯಗಳ ಐದು ಡಾಲರ್ ನೋಟು. ಅದೇ ಲೈಬ್ರರಿಯಲ್ಲಿ ಗಂಡ ಟಿಫಾನಿ ಒಡವೆ ಅಂಗಡಿಯಿಂದ ತಂದುಕೊಟ್ಟ ಮೇರಿಯ ಸಣ್ಣಮುತ್ತಿನ ಹಾರವೂ ಇದೆ. ಕೆಕ್ಲಿ ಹೊಲಿದದ್ದು ಅನ್ನುವ ನೇರಳೆ ವೆಲ್ವೆಟ್ ಉಡುಪು ನಾವು ಹೋಗಿದ್ದ ಮ್ಯೂಸಿಯಂನದ್ದೇ. ಅಮ್ಮನ ಪ್ರಶ್ನೆಗೆ ಉತ್ತರ ಇತ್ತು. ಹುಡುಕಬೇಕಿತ್ತು.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಬ್ರಾಡ್‌ವೇ ಅಂಗಡಿಯ ವಿಷಯ ಬಂದಾಗ ಅವಳು ತಟ್ಟೆಯಲ್ಲೇ ಕೈಯಿಟ್ಟು ಕೇಳುತ್ತಾ ಕೂತಳು. "ಪಾಪ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಧಾರೆ ಸೀರೆನೂ ಕೊಟ್ಟುಬಿಟ್ಟೆ ಕಣೇ. ನೀನು ಕಾಲೇಜಿಗೆ ಸೇರೋ ವರ್ಷ. ಹಳೇ ಜರಿ ತಗೊಳ್ಳೋನು ಬಂದಿದ್ದ, ತೂಕ ಹಾಕಿ ತಗೊಂಡ," ಅಂದಳು.

ಅಪ್ಪ ತಲೆ ಎತ್ತಿ ಅವಳನ್ನು ನೋಡಿದರು. ಅವರಿಗೂ ಗೊತ್ತಿರಲಿಲ್ಲ.

"ಯಾವ ಬಣ್ಣ ಅಮ್ಮ?" ಅಂತ ಕೇಳಿದೆ.

"ಅರಿಶಿನ. ಕೆಂಪು ಅಂಚು. ಸೆರಗಲ್ಲಿ ಹಂಸ ಇತ್ತು," ಅಂದಳು. ಕೈ ತೊಳೆಯೋಕೆ ಎದ್ದಳು.